ರೀಚ್ಡ್ ರಾಯರು

ರೀಚ್ಡ್ ರಾಯರು ನನಗೆ ಷಡ್ಡಕ. ನಿಮಗೆ ಅವರು ಚಿಕ್ಕಪ್ಪ ಆಗಿರಬಹುದು, ಸೋದರಮಾವ ಆಗಿರಬಹುದು, ಎದುರುಮನೆಯ ರಿಟೈರ್ಡ್ ಎಂಜಿನಿಯರ್ ಆಗಿರಬಹುದು. ಅಂಥವರೊಬ್ಬರು ಇಲ್ಲದ ಬಂಧುಬಳಗವನ್ನು ನಾನಂತೂ ಕಂಡಿಲ್ಲ. ಅವರ ನಿಜವಾದ ಹೆಸರು ಆಧಾರ್ ಕಾರ್ಡಿನಲ್ಲಿದೆ, ನಮ್ಮ ಪೈಕಿ ಯಾರೂ ಅದನ್ನು ಬಳಸುವುದಿಲ್ಲ. ಬೇಸಿಗೆ ರಜೆಯಲ್ಲಿ ಅವರು ಎಲ್ಲಿಗೆ ಹೊರಟರೂ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಮೊದಲು ಬಂದು ಬೀಳುವುದು ‘ರೀಚ್ಡ್’ ಎಂಬ ಮೆಸೇಜು. ಸ್ಟೇಷನ್ನಿಗೆ ಬಂದರೆ ರೀಚ್ಡ್. ಪ್ಲಾಟ್‌ಫಾರಂ ಸಿಕ್ಕರೆ ರೀಚ್ಡ್. ಬೋಗಿ ಹತ್ತಿ ಸೀಟು ನಂಬರ್ ಕಣ್ಣಿಗೆ ಬಿದ್ದರೆ ರೀಚ್ಡ್. ಒಮ್ಮೆ ‘ಹೆಬ್ಬಾಳ ರೀಚ್ಡ್’ ಎಂದು ಬಂದ ಅರ್ಧ ಗಂಟೆಗೆ ‘ಸ್ಟಿಲ್ ಹೆಬ್ಬಾಳ’ ಎಂದು ಬಂತು. ನಮ್ಮ ಉತ್ತರ ಬೆಂಗಳೂರಿನವರು ಯಾರೂ ಇದಕ್ಕೆ ಆಶ್ಚರ್ಯಪಡಲಿಲ್ಲ.

ರಾಯರು ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಪಾಳಿ ಮಾಡಿ ನಿವೃತ್ತರಾದವರು. ಪಾಳಿ ಮುಗಿಸಿದವನು ಎದ್ದು ಹೋಗುವ ಮುಂಚೆ, ಯಾವ ಮಷಿನ್ ಓಡಿತು, ಯಾವುದು ಕೆಟ್ಟಿತು, ಎಲ್ಲಿ ಎಣ್ಣೆ ಸೋರುತ್ತಿದೆ ಎಂದು ಲಾಗ್ ಬುಕ್ಕಿನಲ್ಲಿ ಬರೆದಿಟ್ಟೇ ಹೋಗಬೇಕು. ಕಾರ್ಖಾನೆ ಅವರನ್ನು ಬಿಟ್ಟಿತು, ಲಾಗ್ ಬುಕ್ ಬಿಡಲಿಲ್ಲ. ಹಾಗಾಗಿ ಅವರ ಪ್ರವಾಸದ ಮೆಸೇಜುಗಳಿಗೆಲ್ಲ ರೈಲ್ವೆ ಗಡಿಯಾರದ ಲೆಕ್ಕದಲ್ಲಿ ಹೊತ್ತು ನಮೂದಾಗಿರುತ್ತದೆ. ‘16.20: ಹಿಂದೂಪುರ ದಾಟಿತು. 16.25: ಮಸಾಲೆವಡೆ, ಪರವಾಗಿಲ್ಲ. 16.40: ವಡೆ ಬಗ್ಗೆ ಅಭಿಪ್ರಾಯ ಬದಲಾಗಿದೆ.’

ಅವರ ಮನೆ ಕೊಡಿಗೇಹಳ್ಳಿಯಲ್ಲಿ ರೈಲು ಹಳಿಯ ಪಕ್ಕದಲ್ಲೇ, ಮೂರನೇ ಮಹಡಿ. ಹೆಸರಿಗೆ ಮನೆಯ ಹತ್ತಿರವೇ ಸ್ಟೇಷನ್ ಇದೆ, ಆದರೆ ಅಲ್ಲಿ ಪ್ಯಾಸೆಂಜರು, ಮೆಮು ಇಂಥವು ನಿಲ್ಲುತ್ತವೆಯೇ ಹೊರತು ದೂರದೂರಿನ ಎಕ್ಸ್‌ಪ್ರೆಸ್ಸುಗಳು ಅತ್ತ ತಿರುಗಿಯೂ ನೋಡುವುದಿಲ್ಲ. ದೆಹಲಿ ಕಡೆಗೆ ಹೋಗಬೇಕಾದರೆ ಲಗೇಜು ಹೊತ್ತು ಯಶವಂತಪುರಕ್ಕೆ ಹೋಗಬೇಕು. ಅಲ್ಲಿ ಹತ್ತಿದ ರೈಲು ಲೊಟ್ಟೆಗೊಲ್ಲಹಳ್ಳಿ ದಾಟಿ, ಕೊಡಿಗೇಹಳ್ಳಿ ದಾಟಿ, ಯಲಹಂಕದತ್ತ ಹೋಗುತ್ತದೆ. ಎಂದರೆ ಆಟೊಗೆ ದುಡ್ಡು ತೆತ್ತು, ಪೋರ್ಟರ್ ಹತ್ತಿರ ಜಗಳ ಆಡಿ, ಕೊನೆಗೆ ತಮ್ಮದೇ ಮನೆಯ ಮುಂದೆ ಹಾದುಹೋಗಬೇಕು. ಈ ಅನ್ಯಾಯವನ್ನು ರಾಯರು ಇಂದಿಗೂ ರೈಲ್ವೆಯವರಿಗೆ ಕ್ಷಮಿಸಿಲ್ಲ, ಆದರೆ ಇದರಿಂದ ಸಿಗುವ ಒಂದು ಅನುಕೂಲವನ್ನು ಬಿಟ್ಟುಕೊಟ್ಟೂ ಇಲ್ಲ.

ಅನುಕೂಲ ಏನೆಂದರೆ, ರೈಲು ಹೊರಟಮೇಲೂ ಮನೆಯ ಮೇಲೆ ಇನ್ನೊಂದು ಸಲ ಕಣ್ಣಾಡಿಸಬಹುದು.

ಒಂದು ಏಪ್ರಿಲ್‌ನಲ್ಲಿ ರಾಯರು, ಅತ್ತಿಗೆ ಹರಿದ್ವಾರಕ್ಕೆಂದು ಹೊರಟರು. ಮನೆಯ ಬೀಗದ ಕೈ ನನ್ನ ಹತ್ತಿರ. ಕೈಯ ಜೊತೆ ಒಂದು ಪಟ್ಟಿ: ತುಳಸಿಗೆ ನೀರು, ಕಾವೇರಿ ನೀರು ಬರುವ ದಿನ ಸಂಪಿನ ಮುಚ್ಚಳ ತೆಗೆದು ನೋಡುವುದು, ಮೋಟಾರ್ ಹಾಕುವುದು, ಟ್ಯಾಂಕ್ ತುಂಬಿ ಹರಿಯುವ ಮುಂಚೆ ಆರಿಸುವುದು, ಹಾಲಿನ ಹುಡುಗ ಬೇಡವೆಂದರೂ ನಂದಿನಿ ಪ್ಯಾಕೆಟ್ ಬಿಸಾಕಿ ಹೋದರೆ ತೆಗೆದುಕೊಂಡು ಕಾಯಿಸಿ ಕುಡಿಯುವುದು. ಕೊನೆಯ ಸಾಲಿಗೆ ಅಡಿಗೆರೆ ಎಳೆದಿದ್ದರು: ರೈಲು ಬರುವ ಹೊತ್ತಿಗೆ ಬಾಲ್ಕನಿಯಲ್ಲಿ ನಿಂತು ಟವೆಲ್ ಬೀಸುವುದು.

ಮಧ್ಯಾಹ್ನದ ಉರಿಬಿಸಿಲು. ನಾನು ಟವೆಲ್ ಹಿಡಿದು ನಿಂತೆ. ಫೋನು ಬಂತು. ‘ಲೊಟ್ಟೆಗೊಲ್ಲಹಳ್ಳಿ ರೀಚ್ಡ್. ರೆಡಿ ಇದೀಯಾ?’ ಇದೀನಿ ಎಂದೆ. ದೂರದಲ್ಲಿ ಎಂಜಿನ್ ಕಾಣಿಸಿತು. ಬೀಸತೊಡಗಿದೆ. ಕೆಳಗೆ ಕಬ್ಬಿನಹಾಲಿನ ಗಾಡಿಯವನು ತಲೆಯೆತ್ತಿ ನೋಡಿ, ಏನೋ ಅಪಾಯ ಇರಬೇಕೆಂದು ಅವನೂ ಎರಡು ಹೆಜ್ಜೆ ಹಿಂದೆ ಸರಿದ. ಎಂದೂ ಕೊಡಿಗೇಹಳ್ಳಿಯನ್ನು ಕಣ್ಣೆತ್ತಿ ನೋಡದ ಆ ರೈಲು, ಮುಂದೆ ಸಿಗ್ನಲ್ ಸಿಗದೆ, ಸರಿಯಾಗಿ ರಾಯರ ಮನೆಯ ಎದುರಿಗೇ ನಿಂತುಬಿಟ್ಟಿತು.

ಬಾಗಿಲಲ್ಲಿ ರಾಯರು. ಕಿವಿಯಲ್ಲಿ ಫೋನು, ಆದರೂ ಇಡೀ ಬಡಾವಣೆಗೆ ಕೇಳುವ ಹಾಗೆ ಕೂಗುತ್ತಿದ್ದಾರೆ. ‘ಅಯ್ಯೋ, ನನ್ನ ಪಂಚೆ ಕಣಯ್ಯಾ! ದಾರದ ಮೇಲೆ ಹಾಗೇ ಇದೆ! ತೆಗಿ, ಬಿಸಿಲಿಗೆ ಬಣ್ಣ ಹೋಗತ್ತೆ!’ ತೆಗೆದೆ. ‘ಅದಲ್ಲ, ಅದು ಟವೆಲ್ಲು. ಪಕ್ಕದ್ದು!’ ಅದನ್ನೂ ತೆಗೆದೆ. ‘ಕ್ಲಿಪ್ಪು ಡಬ್ಬಿಯಲ್ಲಿ ಹಾಕು!’ ಹಾಕಿದೆ. ‘ಬಚ್ಚಲುಮನೆ ಕಿಟಕಿ ತೆಗೆದಿದೆಯಲ್ಲೋ, ಪಾರಿವಾಳ ಬರತ್ತೆ!’ ರೈಲು ಇನ್ನೂ ಹೊರಡುವ ಸೂಚನೆ ಇಲ್ಲ. ರಾಯರ ಒಂದು ಕಾಲು ಮೆಟ್ಟಿಲಿಗೆ ಇಳಿಯಿತು. ಎರಡು ನಿಮಿಷದಲ್ಲಿ ಹತ್ತಿ ಬಂದು ತಾವೇ ಕಿಟಕಿ ಮುಚ್ಚಿ ಹೋಗುವ ಆಲೋಚನೆ ಅವರಿಗೆ ಬಂದಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಿಂದಿನಿಂದ ಒಂದು ಕೈ ಬಂದು ಅವರ ಷರಟಿನ ಕಾಲರ್ ಹಿಡಿಯಿತು. ಬಳೆಯಿಂದ ಗುರುತಿಸಿದೆ, ಅತ್ತಿಗೆಯ ಕೈ. ರೈಲು ಹೊರಟಿತು. ಮರುಕ್ಷಣ ಗ್ರೂಪಿನಲ್ಲಿ: ‘ಮನೆ ರೀಚ್ಡ್. ಎಲ್ಲ ಸರಿಯಿದೆ. ಬಚ್ಚಲು ಕಿಟಕಿ ಬಿಟ್ಟು.’

ಅದೇ ಪ್ರಯಾಣದಲ್ಲಿ, ಇಟಾರ್ಸಿ ಬಿಟ್ಟು ಭೋಪಾಲದ ಕಡೆ ಹೋಗುವಾಗ ನರ್ಮದೆ ಸಿಗುತ್ತದೆ. ಅತ್ತಿಗೆ ಎದ್ದು ನಿಂತು ಕೈಮುಗಿದು, ನಾಣ್ಯ ಹಾಕಿ, ‘ರೀ, ನೋಡ್ರೀ ನದಿ’ ಎಂದರಂತೆ. ರಾಯರು ‘ಒಂದು ನಿಮಿಷ ಇರು, ಒಂದೇ ಕಡ್ಡಿ ಇದೆ’ ಎಂದು ಫೋನನ್ನು ಬೋಗಿಯ ಸೂರಿನತ್ತ ಎತ್ತಿ ಹಿಡಿದಿದ್ದರು. ‘ನರ್ಮದಾ ರೀಚ್ಡ್’ ಎಂಬ ಮೆಸೇಜು ಭೋಪಾಲದಲ್ಲಿ ಹೋಯಿತು. ಅದಕ್ಕೆ ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿದರು. ನದಿಯನ್ನು ನೋಡದೇ ಇದ್ದವರು ಒಟ್ಟು ಹನ್ನೆರಡು ಜನ, ರಾಯರೂ ಸೇರಿ.

ಇದು ಮೊಬೈಲ್ ಬಂದಮೇಲೆ ಹುಟ್ಟಿದ ಕಾಯಿಲೆ ಎಂದು ನಮ್ಮ ಹುಡುಗರ ತಿಳಿವಳಿಕೆ. ಅಲ್ಲ, ಇದು ವಂಶಪಾರಂಪರ್ಯ. ರಾಯರ ತಂದೆಯವರು ಧರ್ಮಸ್ಥಳಕ್ಕೋ ತಿರುಪತಿಗೋ ಹೋಗುವಾಗ ಮನೆಯ ವಿಳಾಸ ಬರೆದ ಪೋಸ್ಟ್ ಕಾರ್ಡುಗಳನ್ನು ಜೊತೆಗೇ ಒಯ್ಯುತ್ತಿದ್ದರು. ‘ಉಭಯಕುಶಲೋಪರಿ ಸಾಂಪ್ರತ, ನಾವೆಲ್ಲರೂ ಸುಖವಾಗಿ ತಲುಪಿದೆವು’ ಎಂದು ಮೊದಲೇ ಬರೆದಿಟ್ಟು, ಊರಿನ ಹೆಸರಿಗೆ ಮಾತ್ರ ಜಾಗ ಖಾಲಿ ಬಿಟ್ಟಿರುತ್ತಿದ್ದರು. ಕಾರ್ಡು ಮನೆ ಸೇರುವ ಹೊತ್ತಿಗೆ ಅವರೂ ಸೇರಿರುತ್ತಿದ್ದರು. ಪೋಸ್ಟ್‌ಮನ್ ಕೈಯಿಂದ ತಾವೇ ಇಸಿದುಕೊಂಡು, ತಾವೇ ಗಟ್ಟಿಯಾಗಿ ಓದಿ, ತಾವು ಸುಖವಾಗಿ ತಲುಪಿದ ಸುದ್ದಿಯನ್ನು ಮನೆಮಂದಿಗೆ ತಿಳಿಸುತ್ತಿದ್ದರು. ಟೆಲಿಗ್ರಾಂ ಮಾತ್ರ ಎಂದೂ ಕಳಿಸಲಿಲ್ಲ. ಕವರ್ ಒಡೆಯುವ ಮುಂಚೆಯೇ ಅಳು ಶುರುವಾಗುತ್ತಿದ್ದ ಕಾಲ ಅದು. 2013ರ ಜುಲೈನಲ್ಲಿ ತಂತಿ ಸೇವೆಯನ್ನು ನಿಲ್ಲಿಸಿದಾಗ ಪತ್ರಿಕೆಗಳೆಲ್ಲ ಕಣ್ಣೀರು ಹಾಕಿದವು. ರಾಯರು, ‘ಒಳ್ಳೇದಾಯ್ತು ಬಿಡು, ಒಂದು ದಿನವಾದರೂ ನೆಟ್ಟಗಿರೋ ಸುದ್ದಿ ತಂದಿತ್ತಾ’ ಎಂದರು.

ರಾಯರ ಸ್ವಂತ ಕಾಲ ಶುರುವಾದದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳಿಂದ. ಕೆಂಪು ಅಂಕಿ ಏರುವ ಆ ಮೀಟರಿನ ಮುಂದೆ ಮಾತು ಹೊರಡುತ್ತಿರಲಿಲ್ಲ. ರಾತ್ರಿ ಹೊತ್ತಾದಷ್ಟೂ ದರ ಇಳಿಯುತ್ತಿತ್ತು, ಆದ್ದರಿಂದ ಬೂತಿನ ಮುಂದೆ ಸ್ವೆಟರ್ ಹಾಕಿಕೊಂಡ ಸಂಸಾರಗಳು ಸಾಲು ನಿಂತಿರುತ್ತಿದ್ದವು. ದುಡ್ಡಿಲ್ಲದೆ ಸುದ್ದಿ ಮುಟ್ಟಿಸಲು ರಾಯರು ಒಂದು ಸಂಕೇತ ಮಾಡಿದ್ದರು. ಮೈಸೂರಿನ ಮನೆಯ ಫೋನು ಒಂದು ಸಲ ರಿಂಗಾಗಿ ನಿಂತರೆ ತಲುಪಿದ್ದಾರೆ. ಎರಡು ಸಲ ಆದರೆ ನಾಳೆ ಹೊರಡುತ್ತಾರೆ. ಮೂರಾದರೆ ಊಟಕ್ಕೆ ಬರುತ್ತಾರೆ. ಅವರ ತಾಯಿ ಫೋನಿನ ಪಕ್ಕ ಕೂತು ಬೆರಳು ಮಡಿಸಿ ಎಣಿಸುತ್ತಿದ್ದರು. ಯಾರೋ ರಾಂಗ್ ನಂಬರಿನವನು ಮೂರು ರಿಂಗ್ ಕೊಟ್ಟು ಇಟ್ಟುಬಿಟ್ಟದ್ದಕ್ಕೆ ಎಂಟು ಜನಕ್ಕೆ ಬಿಸಿಬೇಳೆಬಾತ್ ಮಾಡಿ ಕಾದದ್ದೂ ಉಂಟು.

ಆಮೇಲೆ ಮೊಬೈಲು. ಮೊದಮೊದಲು ಅದರಲ್ಲಿ ಬಂದ ಕರೆ ಎತ್ತಿದರೂ ದುಡ್ಡು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಅಲ್ಲಿಯವರೆಗೆ ನಮ್ಮನ್ನು ಕಾಪಾಡಿದ್ದು ದರಪಟ್ಟಿಯೊಂದೇ. ಆಮೇಲೂ ರಾಜ್ಯದ ಗಡಿ ದಾಟಿದರೆ ರೋಮಿಂಗ್ ಎಂಬ ಭಯ ಇತ್ತು. ಹೊಸೂರಿನ ಚೆಕ್‌ಪೋಸ್ಟ್ ಬಂತೆಂದರೆ ರಾಯರು ಫೋನನ್ನು ಆಫ್ ಮಾಡಿ ಒಳಜೇಬಿಗೆ ಹಾಕುತ್ತಿದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಮೇಲೆ ಈ ಹೆದರಿಕೆಯೂ ಹೋಯಿತು. ಮರುವರ್ಷ ವಾಟ್ಸಾಪಿನವರು ಲೈವ್ ಲೊಕೇಶನ್ ಕೊಟ್ಟರು. ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಮೂರು ಆಯ್ಕೆ. ಮೊದಲೆರಡನ್ನು ಯಾರಿಗಾಗಿ ಇಟ್ಟಿದ್ದಾರೆಂದು ರಾಯರಿಗೆ ಇವತ್ತಿಗೂ ತಿಳಿದಿಲ್ಲ.

ಲೈವ್ ಲೊಕೇಶನ್ನಿನಲ್ಲಿ ರಾಯರ ಕಾರು ಕುಕ್ಕೆಗೆ ಹೋಗುವುದನ್ನು ನೀವು ನೋಡಬೇಕು. ನೆಲಮಂಗಲ, ಕುಣಿಗಲ್, ಯಡಿಯೂರು. ಹಾಸನದ ಮುಂದೆ ಒಂದು ಕಡೆ ಚುಕ್ಕೆ ನಿಂತರೆ, ಮೈಸೂರಿನಿಂದ ಅವರ ತಮ್ಮ, ‘ಕಾಫಿಗಾ?’ ಎಂದು ಕೇಳುತ್ತಾರೆ. ‘ಅಲ್ಲ, ಪಂಕ್ಚರ್’ ಎಂದು ಉತ್ತರ. ಶಿರಾಡಿ ಘಾಟಿಯಲ್ಲಿ ಚುಕ್ಕೆ ಮಾಯವಾಗುತ್ತದೆ. ಆಗ ಗ್ರೂಪಿನಲ್ಲಿ ಒಂದು ಬಗೆಯ ಬಿಡುವು. ಯಾರೋ ಗುಡ್ ಮಾರ್ನಿಂಗ್ ಹೂವು ಹಾಕುತ್ತಾರೆ, ಯಾರೋ ಮದುವೆಯ ಫೋಟೊ ಹಾಕುತ್ತಾರೆ, ಗುಂಡ್ಯ ದಾಟಿದಮೇಲೆ ಎಲ್ಲ ಮತ್ತೆ ಯಥಾಪ್ರಕಾರ.

ಗ್ರೂಪಿನ ಮಂದಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಎಲ್ಲರೂ ರಾಯರನ್ನು ಮ್ಯೂಟ್ ಮಾಡಿದ್ದಾರೆ, ಎಲ್ಲರೂ ಓದುತ್ತಾರೆ. ಅವರ ಬೆಳಗಿನ ನಾಲ್ಕು ಗಂಟೆಯ ‘ಎದ್ದೆವು, ಬಿಸಿನೀರು ಇದೆ’ ಎಂಬ ವರದಿಯನ್ನು ಆಗಿಂದಾಗಲೇ ಓದುವ ಒಂದೇ ಜೀವ ನ್ಯೂಜೆರ್ಸಿಯಲ್ಲಿರುವ ಮಗಳು. ಬೇಸಿಗೆಯಲ್ಲಿ ನಮ್ಮ ನಾಲ್ಕು ಗಂಟೆ ಅವಳಿಗೆ ಹಿಂದಿನ ಸಂಜೆ ಆರೂವರೆ. ಆಫೀಸಿನಿಂದ ಮನೆಗೆ ಡ್ರೈವ್ ಮಾಡುತ್ತಾ ಅಪ್ಪನ ಬಿಸಿನೀರಿನ ಸಮಾಚಾರವನ್ನು ಕಾರಿಗೇ ಓದಿ ಹೇಳಲು ಬಿಡುತ್ತಾಳೆ. ಕಾರಿನ ಅಮೆರಿಕನ್ ಹೆಂಗಸು ‘ಶೃಂಗೇರಿ’ಯನ್ನು ಏನು ಮಾಡುತ್ತಾಳೆ ಎಂಬುದನ್ನು ಅವಳೊಮ್ಮೆ ರೆಕಾರ್ಡ್ ಮಾಡಿ ಕಳಿಸಿದ್ದಳು, ಗ್ರೂಪಿನಲ್ಲಿ ರಾಯರದ್ದಲ್ಲದೆ ಓಡಿದ ಏಕೈಕ ಮೆಸೇಜು ಅದು.

ಇನ್ನು ಕಾಶ್ಮೀರ. ಶ್ರೀನಗರದ ಟುಲಿಪ್ ತೋಟ ಏಪ್ರಿಲ್ ಹೊತ್ತಿಗೆ ಅರಳಿರುತ್ತದೆ ಎಂದು ಕೇಳಿ ರಾಯರು ಟಿಕೆಟ್ ಮಾಡಿಸಿದರು. ಕೊಡಿಗೇಹಳ್ಳಿ ಗೇಟಿನಿಂದ ಏರ್‌ಪೋರ್ಟ್ ಬಸ್ಸು ಹಿಡಿದರೆ ನೇರ ದಾರಿ, ಆದರೂ ಐದು ಗಂಟೆ ಮುಂಚೆ ಹೊರಟರು. ‘ಎಸ್ಟೀಮ್ ಮಾಲ್ ದಾಟಿಲ್ಲ, ಅದು ಹಿಂದೆ ಆಯ್ತು, ಯಲಹಂಕ ರೀಚ್ಡ್’ ಎಂದೆಲ್ಲ ಬಂತು. ವಿಮಾನ ನಿಲ್ದಾಣದಲ್ಲಿ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆಯ ಮುಂದೆ ಸೆಲ್ಫಿ ಬಂತು. ಅದರಲ್ಲಿ ರಾಯರ ಹಣೆ ಪೂರ್ತಿ ಇತ್ತು, ಕೆಂಪೇಗೌಡರದ್ದು ಕತ್ತಿಯ ತುದಿ. ಬೋರ್ಡಿಂಗ್ ಪಾಸ್ ಬಂತು. ರೆಕ್ಕೆ ಬಂತು. ಮೋಡ ಬಂತು. ಆಮೇಲೆ ಏನೂ ಬರಲಿಲ್ಲ.

ರಾಯರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಭದ್ರತೆಯ ಕಾರಣಕ್ಕಾಗಿ ಇರುವ ಹಳೆಯ ನಿಯಮ. ಪೋಸ್ಟ್‌ಪೇಯ್ಡ್ ಆದರೆ ನಡೆಯುತ್ತದೆ. ಇಡೀ ಆಯುಷ್ಯ ಮುಂಗಡ ಕಟ್ಟಿ, ಒಂದು ರೂಪಾಯಿ ಸಾಲ ಉಳಿಸಿಕೊಳ್ಳದೆ ಬಾಳಿದ ಮನುಷ್ಯನಿಗೆ ಸರ್ಕಾರ ಕೊಟ್ಟ ಮರ್ಯಾದೆ ಇದು. ಹೌಸ್‌ಬೋಟಿನಲ್ಲಿ ವೈಫೈ ಇದೆ ಎಂದು ಬೋರ್ಡಿತ್ತಂತೆ. ಬೋರ್ಡು ಮಾತ್ರ ಇತ್ತಂತೆ.

ಮೊದಲ ದಿನ ಗ್ರೂಪು ಹಬ್ಬ ಮಾಡಿತು. ‘ಏನು ನೆಮ್ಮದಿ’ ಎಂದು ನಮ್ಮ ಭಾವಮೈದ ನನಗೆ ಬೇರೆಯಾಗಿ ಬರೆದ. ಎರಡನೆಯ ದಿನ ಮಧ್ಯಾಹ್ನ ಒಬ್ಬರು, ‘ಅಣ್ಣಂದು ಏನಾದರೂ ಬಂತಾ?’ ಎಂದು ಕೇಳಿದರು. ಸಂಜೆ ಇನ್ನೊಬ್ಬರು ಶ್ರೀನಗರದ ಹವಾಮಾನ ಹುಡುಕಿ ಹಾಕಿದರು. ರಾತ್ರಿ ಹೊತ್ತಿಗೆ ನ್ಯೂಜೆರ್ಸಿಯಿಂದ ಹಿಡಿದು ಮೈಸೂರಿನವರೆಗೆ ಎಲ್ಲರೂ ಒಬ್ಬರಿಗೊಬ್ಬರು ಫೋನ್ ಮಾಡುತ್ತಿದ್ದರು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಸೋದರತ್ತೆಯರು ಈ ನೆಪದಲ್ಲಿ ಮಾತಾಡಿದರು, ಟುಲಿಪ್ ವಿಷಯ ಮುಗಿದಮೇಲೆ ಹಳೆಯ ಜಗಳವನ್ನೂ ಮುಂದುವರಿಸಿದರು.

ರಾಯರೇನು ಸುಮ್ಮನೆ ಕೂತಿರಲಿಲ್ಲ. ಶಿಕಾರಾ ನಡೆಸುವ ಹುಡುಗನ ಫೋನು ಇಸಿದುಕೊಂಡು ದಾಲ್ ಸರೋವರದ ಮಧ್ಯದಿಂದ ಒಬ್ಬೊಬ್ಬರಿಗೂ ಕರೆ ಮಾಡಿದ್ದರು. ಗುರುತಿಲ್ಲದ ನಂಬರು. ಈ ಕಾಲದಲ್ಲಿ ಗುರುತಿಲ್ಲದ ನಂಬರು ಎತ್ತುವವರು ಯಾರು? ಸಾಲ ಬೇಕಾ ಎನ್ನುತ್ತಾರೆ, ಸೈಟು ಬೇಕಾ ಎನ್ನುತ್ತಾರೆ, ಪಾರ್ಸೆಲ್ಲಿನಲ್ಲಿ ಏನೋ ಸಿಕ್ಕಿದೆ ಎಂದು ಹೆದರಿಸುತ್ತಾರೆ. ಎಲ್ಲರೂ ಕತ್ತರಿಸಿದರು. ಅವರ ತಮ್ಮ ಬ್ಲಾಕ್ ಮಾಡಿದರು. ಭಾವಮೈದ ಮಾತ್ರ ಎತ್ತಿ, ದೂರದ ದನಿಯಲ್ಲಿ ‘ಹಲೋ, ನಾನು ಕಣೋ’ ಎಂದದ್ದಕ್ಕೆ, ಇಂಥ ‘ನಾನು ಕಣೋ’ಗಳನ್ನು ಬಹಳ ನೋಡಿದ್ದೇನೆ, ಸೈಬರ್ ಪೊಲೀಸರಿಗೆ ಕೊಡುತ್ತೇನೆ ಎಂದು ಗದರಿಸಿ ಇಟ್ಟ.

ಮೂರನೆಯ ದಿನ ಯಾರಿಗೋ ಮೈಸೂರಿನ ಮನೆಯ ನೆನಪಾಯಿತು. ರಾಯರ ತಾಯಿಗೆ ಈಗ ತೊಂಬತ್ತರ ಹತ್ತಿರ. ಬಂಧುಗಳಲ್ಲೆಲ್ಲ ಲ್ಯಾಂಡ್‌ಲೈನ್ ಉಳಿದಿರುವುದು ಅವರ ಮಂಚದ ಪಕ್ಕದಲ್ಲಿ ಮಾತ್ರ. ಗಾಬರಿ ಮಾಡಬಾರದೆಂದು ಸುತ್ತಿ ಬಳಸಿ ವಿಚಾರಿಸಿದರೆ ಅಜ್ಜಿ ಹೇಳಿದರು: ‘ಮೊನ್ನೆಯೇ ಮಾಡಿದ್ದನಲ್ಲ. ಮೂರು ರಿಂಗಿಗೆ ನಿಲ್ಲತ್ತೆ ಅಂತ ಕಾದೆ, ನಿಲ್ಲಲಿಲ್ಲ, ಎತ್ತಿದೆ. ದೋಣಿಯಲ್ಲಿದಾನಂತೆ. ಚಳಿಯಂತೆ. ಮಫ್ಲರ್ ಕಟ್ಕೋ ಅಂದೆ.’ ಮತ್ತೆ ನಮಗೆ ಯಾಕೆ ಹೇಳಲಿಲ್ಲ ಅಜ್ಜಿ? ‘ನೀವ್ಯಾರೂ ಕೇಳಲಿಲ್ಲವಲ್ಲ.’

ವಾಪಸು ಬರುವಾಗ ದೆಹಲಿಯಲ್ಲಿ ವಿಮಾನ ಇಳಿದು ರಾಯರ ಫೋನಿಗೆ ಜೀವ ಬಂತು. ಕಟ್ಟೆ ಒಡೆಯಿತು. ‘ಶ್ರೀನಗರ ರೀಚ್ಡ್’, ‘ದೋಣಿ ರೀಚ್ಡ್’, ‘ಟುಲಿಪ್ ರೀಚ್ಡ್’, ‘ಯಾಕೆ ಯಾರೂ ರಿಪ್ಲೈ ಮಾಡ್ತಿಲ್ಲ?’, ‘ಎಲ್ಲರೂ ಕ್ಷೇಮ ತಾನೇ?’, ‘ಮೋಟಾರ್ ಆಫ್ ಮಾಡಿದಿರಾ?’ ಒಂದರ ಹಿಂದೆ ಒಂದು, ನನ್ನ ಫೋನು ಮೇಜಿನ ಮೇಲೆ ತಾನಾಗಿಯೇ ಸರಿಯುತ್ತ ಅಂಚಿನವರೆಗೆ ಬಂತು. ಆ ವಾರವೇ ರಾಯರು ಪೋಸ್ಟ್‌ಪೇಯ್ಡ್‌ಗೆ ಬದಲಾದರು. ಅವರ ಬದುಕಿನ ಮೊದಲ ಸಾಲ ಅದು.

ಅದೇ ವರ್ಷದ ಮೇ ತಿಂಗಳಲ್ಲಿ ನಡೆದದ್ದು ಬೇರೆಯದೇ ಕಥೆ. ಅಕ್ಕತಂಗಿಯರು ನಾಲ್ವರೂ ಸೇರಿ ಗಂಡಂದಿರನ್ನು ಬಿಟ್ಟು ಶೃಂಗೇರಿ, ಹೊರನಾಡು ನೋಡಿ ಬರುತ್ತೇವೆಂದು ಟಿಟಿ ಮಾಡಿಕೊಂಡು ಹೊರಟರು. ರಾಯರು ಅತ್ತಿಗೆಯ ಫೋನಿಗೆ ಎಂಟು ಗಂಟೆಯ ಲೊಕೇಶನ್ ತಾವೇ ಹಾಕಿ ಕಳಿಸಿದರು. ಗೊರಗುಂಟೆಪಾಳ್ಯದ ಹೊತ್ತಿಗೆ ಅದು ಆರಿತ್ತು. ಬ್ಯಾಟರಿ ಹೋಗಿರಬೇಕು ಎಂದರು. ಇಡೀ ದಿನದಲ್ಲಿ ಅತ್ತಿಗೆಯಿಂದ ಬಂದದ್ದು ಒಂದು ಹೆಬ್ಬೆರಳು. ಅದು ಯಾವ ಪ್ರಶ್ನೆಗೆ ಉತ್ತರ ಎಂದು ತಿಳಿಯಲು ರಾಯರು ತಮ್ಮ ಇಪ್ಪತ್ತಾರು ಮೆಸೇಜುಗಳನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು.

ರಾತ್ರಿ ನಾವಿಬ್ಬರೂ ದರ್ಶಿನಿಯಲ್ಲಿ ಇಡ್ಲಿ ತಿಂದು ಬಂದು ಕೂತಿದ್ದೆವು. ನನ್ನ ಹೆಂಡತಿಯಿಂದ ಫೋಟೊಗಳು ಬರತೊಡಗಿದವು. ತುಂಗೆಯ ದಡದಲ್ಲಿ ಮೀನಿಗೆ ಮಂಡಕ್ಕಿ ಹಾಕುತ್ತಿರುವ ಅತ್ತಿಗೆ, ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ ಅತ್ತಿಗೆ, ಯಾವುದೋ ಮಾತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿರುವ ಅತ್ತಿಗೆ. ಅಕ್ಕತಂಗಿಯರಿಗೆಂದೇ ಬೇರೆ ಗ್ರೂಪಿದೆಯಂತೆ, ಬೆಳಿಗ್ಗೆಯಿಂದ ಅಲ್ಲಿ ಅತ್ತಿಗೆಯದೇ ಕಾರುಬಾರಂತೆ. ಇದನ್ನು ನಾನು ರಾಯರಿಗೆ ಹೇಳಲಿಲ್ಲ, ಫೋಟೊ ಮಾತ್ರ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದರು. ಅತ್ತಿಗೆಯ ಮುಖ ದಾಟಿ, ತುಂಗೆ ದಾಟಿ, ಮೂಲೆಯೊಂದರಲ್ಲಿ ಅವರ ಬೆರಳು ನಿಂತಿತು.

‘ಆ ನೀಲಿ ಬ್ಯಾಗು ನಮ್ದು ಕಣಯ್ಯಾ. ನೋಡು, ಜಿಪ್ ತೆಗೆದೇ ಇದೆ. ಔಷಧಿಯೆಲ್ಲ ಅದರಲ್ಲೇ ಇರೋದು. ನಿನ್ನ ಹೆಂಡ್ತಿಗೆ ಒಂದು ಮೆಸೇಜ್ ಹಾಕು, ಇವಳಿಗೆ ಹೇಳಲಿ, ನನಗೆ ಫೋನ್ ಮಾಡಲಿ.’

ಹಾಕಿದೆ. ಅರೆಕ್ಷಣದಲ್ಲಿ ಉತ್ತರ ಬಂತು: ‘ಅಕ್ಕ ಇಲ್ಲೇ ಪಕ್ಕದಲ್ಲಿದಾಳೆ. ಇಲ್ಲಿ ನೆಟ್‌ವರ್ಕೇ ಇಲ್ಲ ಅಂತ ಭಾವನಿಗೆ ಹೇಳಬೇಕಂತೆ.’

ರಾಯರು ಅದನ್ನು ಓದಿ, ಕನ್ನಡಕ ತೆಗೆದು, ಒಪ್ಪಿಕೊಂಡು ತಲೆಯಾಡಿಸಿದರು.

‘ಮಲೆನಾಡು ಕಡೆ ಹಾಗೇ ಕಣಯ್ಯಾ, ಸಿಗ್ನಲ್ ಸಿಗಲ್ಲ. ಪಾಪ, ಎಷ್ಟು ಸಲ ಟ್ರೈ ಮಾಡಿದಳೋ ಏನೋ.’